ಲಂಗೋಟಿಯೂ ಬೋರಿನ ನೀರೂ

ರಾಯಚೂರಿನ ಬಿಸಿಲಿಗೆ ಕೂಸಿನ ಬಟ್ಟೆ ಒಣಗಿಸೋದು ಕಷ್ಟವೇ ಅಲ್ಲ. ಮಾಳಿಗೆ ಮೇಲಿನ ಹಗ್ಗಕ್ಕೆ ಹಾಕಿದರೆ ಮಧ್ಯಾಹ್ನದೊಳಗೆ ಗರಿಗರಿ. ಕಾಡೋದು ಬೋರಿನ ಗಡಸು ನೀರು. ನೊರೆ ಬರಲಿಲ್ಲ ಅಂತ ಇನ್ನಷ್ಟು ಸೋಪಿನ ಪುಡಿ ಸುರೀತೀವಿ. ಆ ಪುಡಿ, ನೀರಿನ ಸುಣ್ಣದಂಶ ಎರಡೂ ನೂಲಿನೊಳಗೆ ಕೂತು ಲಂಗೋಟಿ ಹಪ್ಪಳದಂಗೆ ಸೆಟೆದುಕೊಳ್ಳುತ್ತೆ. ಆಮೇಲೆ ಉಚ್ಚೆ ಹೀರಲ್ಲ, ಕೂಸಿನ ತೊಡೆಸಂದಿ ಕೆಂಪಾಗುತ್ತೆ.

ಮೊದಲು ತಣ್ಣೀರಲ್ಲೇ ಜಾಲಿಸಿ. ಬಿಸಿನೀರು ಬಿದ್ದರೆ ಕಕ್ಕಸಿನ ಕಲೆ ಕಚ್ಚಿಕೊಳ್ಳುತ್ತೆ. ಆಮೇಲೆ ಬಿಸಿನೀರಿನ ಬಕೆಟ್‌ಗೆ ಸ್ವಲ್ಪ ಪುಡಿ, ಒಂದು ಚಮಚ ವಾಷಿಂಗ್ ಸೋಡಾ. ಮೂರು ಸಲ ಜಾಲಿಸಬೇಕು, ಕೊನೇ ಸಲಕ್ಕೆ ನಳದ ಸಿಹಿನೀರು ಸಿಕ್ಕರೆ ಒಳ್ಳೇದು. ಹಿಂಡಿದ ನೀರು ಬೆರಳಿಗೆ ಜಾರಿದರೆ ಸೋಪು ಇನ್ನೂ ಉಳಿದಿದೆ. ಬಟ್ಟೆ ಮೆತ್ತಗಾಗಿಸೋ ಘಮಘಮ ದ್ರವ ದಯವಿಟ್ಟು ಬೇಡ, ಅದು ನೂಲಿಗೆ ಲೇಪವಾಗಿ ಹೀರೋದನ್ನೇ ನಿಲ್ಲಿಸುತ್ತೆ.

ಹಸುಗೂಸಿಗೆ ದಿನಕ್ಕೆ 10–12 ಬೇಕು. 24 ಇದ್ದರೆ ನಿರಾಳ. ಹೊಸ ಹತ್ತಿ ಬಟ್ಟೆಯಲ್ಲಿ ಹತ್ತಿಯದೇ ಜಿಡ್ಡು ಇರೋದರಿಂದ 4–5 ಸಲ ತೊಳೆದೇ ಕಟ್ಟಿ. ಹಳೇ ಧೋತ್ರಕ್ಕೆ ಆ ಚಿಂತೆಯಿಲ್ಲ. ಕೌದಿಗೆ ಅಂತ ಗಂಟು ಕಟ್ಟಿಟ್ಟ ಅರಿವೆಯಲ್ಲೇ ಅತಿ ಮೆತ್ತನೆಯ ಲಂಗೋಟಿ ಇರುತ್ತೆ. ಹತ್ತಿ ಬೆಳೆಯೋ ಸೀಮೆಯಲ್ಲಿದ್ದೂ ನಾವು ಅದನ್ನ ಮರೆತು ಅಂಗಡಿಗೆ ಓಡ್ತೀವಲ್ಲ ಅನಿಸುತ್ತೆ.

ಹೊಕ್ಕುಳ ಒಣಗಿ ಬೀಳೋವರೆಗೆ ಮುಂದಿನ ಅಂಚನ್ನ ಅದರ ಕೆಳಕ್ಕೆ ಮಡಚಿ. ಗಂಡುಕೂಸಾದರೆ ದಪ್ಪ ಮಡಿಕೆ ಮುಂದಿರಲಿ. ಸೊಂಟದಲ್ಲಿ ಎರಡು ಬೆರಳು ತೂರುವಷ್ಟು ಸಡಿಲ ಸಾಕು. ನೀರು ಸೋರದ ಹೊರಕವರ್ ಮಾತ್ರ ನೆರಳಲ್ಲಿ ಒಣಗಿಸಿ, ನಮ್ಮ ಬಿಸಿಲಿಗೆ ಎಲಾಸ್ಟಿಕ್ ಸಡಿಲಾಗುತ್ತೆ.