ವಿಯೆನ್ನಾ: ಅರಮನೆ ಆಮೇಲೆ ನೋಡಿ, ಮೊದಲು ಟ್ರಾಮ್ ಹತ್ತಿ

ಹೋದ ಸೆಪ್ಟೆಂಬರ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಐದು ದಿನ ವಿಯೆನ್ನಾದಲ್ಲಿದ್ದೆ. ಅಪ್ಪ ಪಿಡಬ್ಲ್ಯೂಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಯಾವ ಊರಿಗೆ ಹೋದರೂ ಅವರ ಕಣ್ಣು ಮೊದಲು ಬೀಳುವುದು ಚರಂಡಿ ಮೇಲೆ, ಆಮೇಲೆ ದೇವಸ್ಥಾನದ ಮೇಲೆ. ಹಾಗಾಗಿ ನಮ್ಮ ಪ್ರವಾಸ ಬೇರೆಯವರ ಥರ ಆಗಲಿಲ್ಲ. ಮೊಜಾರ್ಟ್ ಚಾಕೊಲೇಟು, ಅರಮನೆ ಎಲ್ಲ ಹಿಂದೆ ಬಿತ್ತು. ಈ ಊರನ್ನು ಯಾರು ಕಟ್ಟಿದರು, ಯಾರ ದುಡ್ಡಲ್ಲಿ ಕಟ್ಟಿದರು ಅನ್ನುವುದೇ ಮುಂದೆ ಬಂತು. ನೀವೂ ಹೀಗೆ ನೋಡಬೇಕು ಅಂತಿದ್ದರೆ ನಮ್ಮ ಅನುಭವ ಉಪಯೋಗಕ್ಕೆ ಬರಬಹುದು.

ಮೊದಲು ಟಿಕೆಟ್ ವಿಷಯ ಹೇಳಿಬಿಡುತ್ತೇನೆ. ವಿಮಾನ ನಿಲ್ದಾಣದಲ್ಲಿ ಹಸಿರು ಬೋರ್ಡಿನ ಎಕ್ಸ್‌ಪ್ರೆಸ್ ರೈಲು ಎದುರಿಗೇ ಕಾಣುತ್ತದೆ. ಅದಕ್ಕೆ ಹೋಗಬೇಡಿ, ಪಕ್ಕದ ಎಸ್7 ಲೋಕಲ್ ರೈಲು ಹಿಡಿಯಿರಿ. ಸ್ವಲ್ಪ ನಿಧಾನ, ಆದರೆ ತುಂಬಾ ಅಗ್ಗ. ಊರೊಳಗೆ ಓಡಾಡಲು ಒಂದು ದಿನದ ಅಥವಾ ವಾರದ ಟಿಕೆಟ್ ತೆಗೆದುಕೊಂಡರೆ ಮೆಟ್ರೋ, ಟ್ರಾಮ್, ಬಸ್ ಎಲ್ಲದಕ್ಕೂ ಅದೇ ಸಾಕು. ಇಲ್ಲಿ ಗೇಟುಗಳಿಲ್ಲ, ಯಾರೂ ತಡೆಯುವುದಿಲ್ಲ. ಅಲ್ಲೇ ನಾನು ಮೋಸ ಹೋಗಿದ್ದು. ಕೆಲವು ಕಾಗದದ ಟಿಕೆಟ್‌ಗಳನ್ನು ಮೊದಲ ಸಲ ಹತ್ತುವ ಮುಂಚೆ ಸಣ್ಣ ಪೆಟ್ಟಿಗೆಯೊಳಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ನಾನು ಹಾಕಿಸಿರಲಿಲ್ಲ. ಎರಡನೇ ದಿನವೇ ಮಾಮೂಲಿ ಬಟ್ಟೆಯಲ್ಲಿದ್ದ ಟಿಸಿ ಬಂದರು. ದಂಡ ನೂರು ಯೂರೋ ದಾಟಿತು! ತಪ್ಪು ನನ್ನದೇ. ಅಪ್ಪ ಮಾತ್ರ ಪ್ರವಾಸ ಮುಗಿಯುವವರೆಗೂ ಆ ರಸೀದಿಯನ್ನು ಜೇಬಲ್ಲಿಟ್ಟುಕೊಂಡು ಆಗಾಗ ತೆಗೆದು ನೋಡುತ್ತಿದ್ದರು.

ಈಗ ಊರಿನ ವಿಷಯ. ಬೆಲ್ವೆಡೆರೆ ಅರಮನೆ ಹತ್ತಿರ ಡಿ ನಂಬರಿನ ಟ್ರಾಮ್ ಹತ್ತಿ, ಕಿಟಕಿ ಪಕ್ಕ ಕೂತುಬಿಡಿ. 1955ರ ಮೇ 15ರಂದು ಆಸ್ಟ್ರಿಯಾ ಮತ್ತೆ ಸ್ವತಂತ್ರವಾದ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಇದೇ ಅರಮನೆಯಲ್ಲಿ. ಅದಕ್ಕೂ ಮುಂಚೆ ಹತ್ತು ವರ್ಷ, ಎರಡನೇ ಮಹಾಯುದ್ಧ ಗೆದ್ದ ನಾಲ್ಕು ದೇಶಗಳ ಸೈನ್ಯ ಊರನ್ನು ಹಂಚಿಕೊಂಡಿತ್ತು. ಸ್ವಲ್ಪ ಮುಂದೆ ಶ್ವಾರ್ಟ್ಸೆನ್‌ಬೆರ್ಗ್ ಚೌಕದಲ್ಲಿ ಎತ್ತರದ ಕಂಬದ ಮೇಲೆ ನಿಂತ ಸೋವಿಯತ್ ಸೈನಿಕ ಕಾಣುತ್ತಾನೆ. ಸೈನ್ಯ ವಾಪಸ್ ಹೋಯಿತು, ಇವನು ಉಳಿದ. ಸ್ಮಾರಕವನ್ನು ಕಾಪಾಡುವುದು ಒಪ್ಪಂದದಲ್ಲೇ ಬರೆದ ಮಾತು.

ಆಮೇಲೆ ಟ್ರಾಮ್ ರಿಂಗ್‌ಸ್ಟ್ರಾಸೆಗೆ ತಿರುಗುತ್ತದೆ. ರಿಂಗ್ ರೋಡ್ ಅಂದ ಕೂಡಲೇ ನಮಗೆ ಸಿಲ್ಕ್ ಬೋರ್ಡ್ ನೆನಪಾಗುತ್ತೆ, ಅಲ್ವಾ? ಇದು ಹಾಗಲ್ಲ. ಇಲ್ಲಿ ಮೊದಲು ಕೋಟೆ ಗೋಡೆಯಿತ್ತು. ಅದರ ಸುತ್ತ ಯಾರೂ ಏನೂ ಕಟ್ಟಬಾರದು ಅಂತ ಅಗಲವಾದ ಖಾಲಿ ಬಯಲು. ಗೋಡೆ ಕೆಡವಿ ಅಂತ ಚಕ್ರವರ್ತಿ ಫ್ರಾಂಜ್ ಜೋಸೆಫ್ ಆಜ್ಞೆ ಹೊರಡಿಸಿದ್ದು 1857ರಲ್ಲಿ. ಸೈನ್ಯದವರಿಗೆ ಇದು ಬೇಡವಾಗಿತ್ತು. ಒಂಬತ್ತು ವರ್ಷ ಹಿಂದಷ್ಟೇ, 1848ರಲ್ಲಿ, ಜನ ದಂಗೆ ಎದ್ದು ಯುದ್ಧ ಮಂತ್ರಿಯನ್ನೇ ಕೊಂದಿದ್ದರು. ಕೊನೆಗೆ ಗೋಡೆ ಬಿತ್ತು, ಆದರೆ ದೊಡ್ಡ ಬ್ಯಾರಕ್‌ಗಳು ಎದ್ದವು. ರೊಸ್ಸೌ ಬ್ಯಾರಕ್ ಈಗಲೂ ಇದೆ. ಕೆಂಪು ಇಟ್ಟಿಗೆಯ ಕೋಟೆಯ ಹಾಗೆ ಕಾಣುತ್ತದೆ. ಕೋಟೆ ಇದ್ದಿದ್ದು ಹೊರಗಿನ ಶತ್ರುವಿಗೆ, ಬ್ಯಾರಕ್ ಬಂದಿದ್ದು ಊರಿನ ಜನಕ್ಕೇ ಹೆದರಿ.

ದುಡ್ಡಿನ ಲೆಕ್ಕ ಅಪ್ಪನಿಗೆ ತುಂಬಾ ಹಿಡಿಸಿತು. ಖಾಲಿ ಬಯಲನ್ನು ಸೈಟುಗಳಾಗಿ ಮಾಡಿ ಶ್ರೀಮಂತರಿಗೆ ಮಾರಿದರು. ಬಂದ ದುಡ್ಡನ್ನು ಒಂದು ನಿಧಿಗೆ ಹಾಕಿ, ಅದರಿಂದ ಒಪೆರಾ, ಮ್ಯೂಸಿಯಂ, ವಿಶ್ವವಿದ್ಯಾಲಯದಂಥ ಕಟ್ಟಡಗಳನ್ನು ಕಟ್ಟಿದರು. "ಸೈಟ್ ಮಾರಿ ಊರು ಕಟ್ಟಿದ್ದಾರೆ, ನಾವು ಕೆರೆ ಮುಚ್ಚಿ ಸೈಟ್ ಮಾಡ್ತೀವಿ" ಅಂದರು ಅಪ್ಪ. ಟ್ರಾಮ್‌ನಲ್ಲಿ ಯಾರಿಗೂ ಕನ್ನಡ ಬರದಿದ್ದುದು ಒಳ್ಳೆಯದಾಯಿತು.

ಪಾರ್ಲಿಮೆಂಟ್ ಬರುವ ಮುಂಚೆ ಇಳಿದು ಹೆಲ್ಡೆನ್‌ಪ್ಲಾಟ್ಸ್ ಅನ್ನುವ ಬಯಲಿಗೆ ಹೋಗಿ. ಒಂದು ಕಡೆ ಬಿಲ್ಲಿನ ಹಾಗೆ ಬಾಗಿದ ಭಾರಿ ಅರಮನೆ, ಇನ್ನೊಂದು ಕಡೆ ಬರೀ ಮರ, ಹುಲ್ಲು. ಮೊದಲು ನೋಡಿದಾಗ ಏನೋ ಕಳೆದುಹೋದ ಹಾಗೆ ಅನ್ನಿಸುತ್ತದೆ. ನಿಜಕ್ಕೂ ಅಲ್ಲಿ ಅರ್ಧ ಇಲ್ಲ. ಎದುರುಬದುರು ಎರಡು ರೆಕ್ಕೆ ಕಟ್ಟುವ ಯೋಜನೆ ಇತ್ತು. ಒಂದು ಮುಗಿಯುವ ಹೊತ್ತಿಗೆ ಮಹಾಯುದ್ಧ ಬಂತು, 1918ರಲ್ಲಿ ಸಾಮ್ರಾಜ್ಯವೇ ಹೋಯಿತು. ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡ ಹಿಟ್ಲರ್ 1938ರ ಮಾರ್ಚ್ 15ರಂದು ಮಾತಾಡಿದ್ದು ಆ ಕಟ್ಟಿದ ರೆಕ್ಕೆಯ ಬಾಲ್ಕನಿಯಿಂದ. ಕೆಳಗೆ ನೆರೆದ ಜನಸಾಗರ ಜೈಕಾರ ಹಾಕಿತ್ತು. ನಾವು ಹೋದಾಗ ಅದೇ ಜಾಗದಲ್ಲಿ ಒಬ್ಬ ಹುಡುಗ ಗಾಳಿಪಟದ ದಾರ ಬಿಡಿಸುತ್ತಾ ಕೂತಿದ್ದ. ಇಲ್ಲಿ ಟಿಕೆಟ್ ಇಲ್ಲ. ಬೆಂಚುಗಳಿವೆ, ಹಿರಿಯರಿದ್ದರೆ ಅರ್ಧ ಗಂಟೆ ಆರಾಮಾಗಿ ಕೂರಬಹುದು.

ಇಷ್ಟೆಲ್ಲ ಹೇಳಿದರೂ, ವಿಯೆನ್ನಾದಲ್ಲಿ ಒಂದೇ ಒಂದು ಜಾಗ ನೋಡಿ ಅಂದರೆ ನಾನು ಹೇಳುವುದು ಕಾರ್ಲ್ ಮಾರ್ಕ್ಸ್ ಹೋಫ್, ನಗರಸಭೆ ಕೂಲಿಕಾರರಿಗೆಂದು ಕಟ್ಟಿದ ವಸತಿ ಕಟ್ಟಡ. ಹಸಿರು ಬಣ್ಣದ ಯು4 ಮೆಟ್ರೋದಲ್ಲಿ ಕೊನೆಯ ಸ್ಟೇಷನ್ ಹೈಲಿಗೆನ್‌ಸ್ಟಾಟ್‌ಗೆ ಹೋಗಿ. ಹೊರಗೆ ಬಂದರೆ ಎದುರಿಗೇ ಇದೆ. ಉದ್ದ ಒಂದು ಕಿಲೋಮೀಟರ್‌ಗಿಂತ ಜಾಸ್ತಿ. ಎಷ್ಟು ಹಿಂದೆ ಸರಿದರೂ ಫೋಟೋದಲ್ಲಿ ಹಿಡಿಯುವುದಿಲ್ಲ.

ಸಾಮ್ರಾಜ್ಯ ಹೋದ ಮೇಲೆ 1919ರ ಚುನಾವಣೆಯಲ್ಲಿ ಊರು ಕಾರ್ಮಿಕರ ಪಕ್ಷವಾದ ಸೋಷಿಯಲ್ ಡೆಮೊಕ್ರಾಟರ ಕೈಗೆ ಬಂತು. ಆಗ ಕೂಲಿಕಾರರ ಮನೆಗಳ ಸ್ಥಿತಿ ಘೋರ. ನೀರಿಗೆ ಇಡೀ ಮಹಡಿಗೆ ವರಾಂಡದಲ್ಲಿ ಒಂದೇ ನಲ್ಲಿ. ಅದಕ್ಕೆ ಬಸ್ಸೆನಾ ಅಂತಾರೆ. ನಮ್ಮ ವಠಾರದ ನಲ್ಲಿ ಜಗಳ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. 1922ರಲ್ಲಿ ವಿಯೆನ್ನಾ ಪ್ರತ್ಯೇಕ ರಾಜ್ಯವಾಯಿತು, ತೆರಿಗೆ ಹಾಕುವ ಅಧಿಕಾರ ಬಂತು. ನಗರದ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್ನರ್ ಮನೆಯಾಳುಗಳು, ಕಾರು ಹೀಗೆ ಶ್ರೀಮಂತಿಕೆಯ ಲಕ್ಷಣಕ್ಕೆಲ್ಲ ತೆರಿಗೆ ಹಾಕಿದರು. 1923ರಲ್ಲಿ ಮನೆ ಕಟ್ಟಲೆಂದೇ ಒಂದು ತೆರಿಗೆ ಬಂತು. ದೊಡ್ಡ ಮನೆಗೆ ಹೆಚ್ಚು, ಸಣ್ಣ ಮನೆಗೆ ಅಲ್ಪಸ್ವಲ್ಪ. 1934ರ ಹೊತ್ತಿಗೆ ನಗರಸಭೆ ಕಟ್ಟಿದ ಮನೆಗಳು 60,000 ದಾಟಿದ್ದವು.

1927ರಿಂದ 1930ರವರೆಗೆ ಕಟ್ಟಿದ ಈ ಒಂದರಲ್ಲೇ 1,382 ಮನೆಗಳು. ಇದನ್ನು ರೂಪಿಸಿದ್ದು ಕಾರ್ಲ್ ಎಹ್ನ್ ಅನ್ನುವ ವಾಸ್ತುಶಿಲ್ಪಿ. ಮಧ್ಯದ ದೊಡ್ಡ ಕಮಾನುಗಳ ಕೆಳಗೆ ನಡೆದು ಒಳಗೆ ಹೋದರೆ ತೋಟದಂಥ ಅಂಗಳ, ಚೆಸ್ಟ್‌ನಟ್ ಮರಗಳು. ಒಂದು ಬಾಲ್ಕನಿಯಲ್ಲಿ ಟೊಮೆಟೊ ಗಿಡ, ಇನ್ನೊಂದರಲ್ಲಿ ಒಣಗಲು ಹಾಕಿದ ಶಾಲಾ ಬ್ಯಾಗು. ಅಪ್ಪ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಮಳೆನೀರಿನ ಪೈಪು ಎಲ್ಲಿಗೆ ಸೇರುತ್ತೆ ಅಂತ ಬಗ್ಗಿ ನೋಡಿದರು. ಕಟ್ಟಿದ ಕಾಲದಲ್ಲಿ ಮನೆಯೊಳಗೆ ನೀರು, ಶೌಚಾಲಯ ಇದ್ದವು, ಬಚ್ಚಲುಮನೆ ಮಾತ್ರ ಇರಲಿಲ್ಲ. ಸ್ನಾನಕ್ಕೆ, ಬಟ್ಟೆ ಒಗೆಯಲು ಎಲ್ಲರಿಗೂ ಸೇರಿ ಬೇರೆ ಕಟ್ಟಡ. ಜತೆಗೆ ಶಿಶುವಿಹಾರ, ಲೈಬ್ರರಿ, ಹಲ್ಲಿನ ಕ್ಲಿನಿಕ್. ಬಟ್ಟೆ ಒಗೆಯುವ ಒಂದು ಕಟ್ಟಡದಲ್ಲಿ ಈಗ ಪುಟ್ಟ ಮ್ಯೂಸಿಯಂ ಇದೆ. ವಾರಕ್ಕೆ ಒಂದೆರಡು ದಿನ ಮಾತ್ರ ತೆರೆಯುತ್ತದೆ, ವೇಳೆ ನೋಡಿಕೊಂಡೇ ಹೋಗಿ. ನಾವು ಮೊದಲ ಸಲ ಬಾಗಿಲಿನ ಬೀಗ ನೋಡಿಕೊಂಡು ಬಂದೆವು.

1934ರ ಫೆಬ್ರವರಿಯಲ್ಲಿ, ಸೋಷಿಯಲ್ ಡೆಮೊಕ್ರಾಟರ ವಿರೋಧಿಯಾಗಿದ್ದ ಆಸ್ಟ್ರಿಯಾದ ಚಾನ್ಸೆಲರ್ ಡಾಲ್ಫುಸ್‌ನ ಸರ್ಕಾರ ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ಒಳಗೆ ಕಾರ್ಮಿಕರು ಬಂದೂಕು ಹಿಡಿದು ನಿಂತಿದ್ದರು. ಮುಂದಿನ ಚೌಕಕ್ಕೆ ಈಗ ಆ ದಿನದ್ದೇ ಹೆಸರು, ಫೆಬ್ರವರಿ 12ರ ಚೌಕ. ಒಂದು ಮಾತು: ಇಲ್ಲಿ ಜನ ವಾಸ ಇದ್ದಾರೆ, ಇದು ಪ್ರದರ್ಶನದ ಕಟ್ಟಡ ಅಲ್ಲ. ಕಿಟಕಿಗಳಿಗೆ ಕ್ಯಾಮೆರಾ ಹಿಡಿಯಬೇಡಿ, ಮೆಟ್ಟಿಲು ಹತ್ತಬೇಡಿ.

ಇದಾದ ಮೇಲೆ ಊರಲ್ಲಿ ಎಲ್ಲಿ ನಡೆದರೂ ಕಣ್ಣು ಗೋಡೆಗೆ ಹೋಗುತ್ತೆ. ಇಂಥ ಕಟ್ಟಡಗಳ ಮೇಲೆ ದೊಡ್ಡ ಅಕ್ಷರದಲ್ಲಿ "ವಿಯೆನ್ನಾ ನಗರಸಭೆ ಇಂಥ ವರ್ಷದಲ್ಲಿ ಕಟ್ಟಿದ್ದು" ಅಂತ ಜರ್ಮನ್‌ನಲ್ಲಿ ಬರೆದಿರುತ್ತಾರೆ. ಹಳೆಯವುಗಳಲ್ಲಿ ಮನೆ ತೆರಿಗೆಯ ದುಡ್ಡಿನಿಂದ ಅನ್ನುವುದೂ ಇರುತ್ತದೆ. ಮಂತ್ರಿಯ ಹೆಸರಿನ ಶಿಲಾನ್ಯಾಸದ ಕಲ್ಲು ನೋಡಿ ಅಭ್ಯಾಸ ಆದ ಅಪ್ಪ ಅಂಥ ಎರಡು ಬರಹಗಳ ಮುಂದೆ ಫೋಟೋ ತೆಗೆಸಿಕೊಂಡರು. ಇವತ್ತಿಗೂ ನಗರಸಭೆಯ ಕೈಯಲ್ಲಿ ಸುಮಾರು 2,20,000 ಮನೆಗಳಿವೆ.

ಶೋನ್‌ಬ್ರುನ್ ಅರಮನೆಗೆ ಹೋಗಲೇಬೇಕು ಅಂದರೆ ತೋಟಕ್ಕೆ ಟಿಕೆಟ್ ಇಲ್ಲ, ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಹತ್ತಿರದ ಹೀಟ್ಸಿಂಗ್‌ನಲ್ಲಿ ವಾಸ್ತುಶಿಲ್ಪಿ ಓಟ್ಟೊ ವಾಗ್ನರ್ ಚಕ್ರವರ್ತಿಗೆಂದೇ ಕಟ್ಟಿದ ಪುಟ್ಟ ರೈಲು ನಿಲ್ದಾಣವಿದೆ. ಚಕ್ರವರ್ತಿ ಅದನ್ನು ಬಳಸಿದ್ದು ಬರೀ ಎರಡು ಸಲ!

ಸಂಜೆಗೆ ಯು1 ಹಿಡಿದು ಡೊನೌಇನ್ಸೆಲ್‌ಗೆ ಹೋಗಿ. ಡ್ಯಾನ್ಯೂಬ್ ಪ್ರವಾಹ ತಡೆಯಲು 1972ರಿಂದ 1988ರವರೆಗೆ ಹೊಸ ಕಾಲುವೆ ತೋಡಿ, ಆ ಮಣ್ಣಿನಿಂದಲೇ ಕಟ್ಟಿದ 21 ಕಿಲೋಮೀಟರ್ ಉದ್ದದ ದ್ವೀಪ. ಕಟ್ಟುವಾಗ ವಿರೋಧಿಗಳು ಸ್ಪಾಗೆಟ್ಟಿ ದ್ವೀಪ ಅಂತ ಗೇಲಿ ಮಾಡಿದ್ದರು. ಈಗ ಇಡೀ ಊರು ಅಲ್ಲೇ ಈಜುತ್ತದೆ. ಕುಡಿಯುವ ನೀರನ್ನೂ ದುಡ್ಡು ಕೊಟ್ಟು ಕೊಳ್ಳಬೇಡಿ. 1873ರಿಂದ ಆಲ್ಪ್ಸ್ ಬೆಟ್ಟದ ಒರತೆ ನೀರು ನಲ್ಲಿಗೆ ಬರುತ್ತಿದೆ, ತಣ್ಣಗೆ, ಸಿಹಿಯಾಗಿ.

ಸಸ್ಯಾಹಾರಿಗಳು ಗಾಬರಿ ಆಗಬೇಡಿ, ಕಡಲೆ ವಡೆಯಂಥ ಫಲಾಫೆಲ್, ಮೊಟ್ಟೆ ನಡೆಯುವವರಿಗೆ ಚೀಸ್ ಹಾಕಿದ ಸ್ಪೆಟ್ಸ್‌ಲೆ (ನೂಡಲ್ಸ್ ಥರದ್ದು) ಸುಲಭವಾಗಿ ಸಿಗುತ್ತೆ. ಭಾನುವಾರ ಮಾತ್ರ ಹುಷಾರು. ಬಹುತೇಕ ಅಂಗಡಿಗಳು ಬಂದ್, ನಾಶ್‌ಮಾರ್ಕ್ಟ್ ಸಂತೆಯ ತರಕಾರಿ ಅಂಗಡಿಗಳೂ ಬಂದ್. ನಾವು ಶನಿವಾರ ಮೊಸರು ತರುವುದು ಮರೆತೆವು. ಮೊಸರಿಲ್ಲದೆ ಊಟ ಇಳಿಯದ ಅಪ್ಪನಿಗೋಸ್ಕರ ಕೊನೆಗೆ ರೈಲ್ವೆ ಸ್ಟೇಷನ್ ಒಳಗಿನ ಸೂಪರ್ ಮಾರ್ಕೆಟ್ ಹುಡುಕಿದೆ. ಒಂದು ಡಬ್ಬಿ ಮೊಸರಿಗೆ ಇಪ್ಪತ್ತು ನಿಮಿಷ ಕ್ಯೂ. ಈ ಸಲ ಟಿಕೆಟ್‌ಗೆ ಮುದ್ರೆ ಹಾಕಿಸಿಕೊಂಡೇ ಹೋಗಿದ್ದೆ.