ಅಪ್ಪನ ಕ್ಯಾನ್ ಮತ್ತು 180 ಲೀಟರ್

ಮೂರು ತಿಂಗಳ ಹಿಂದೆ ನಮ್ಮ ಬಚ್ಚಲಮನೆ ಮೂಲೆಯಲ್ಲಿ ಐದು ಲೀಟರಿನ ಬಿಳಿ ಕ್ಯಾನ್ ಒಂದು ದಿನ ಪೂರ್ತಿ ಕೂತಿತ್ತು. ಅಪ್ಪನ 24 ಗಂಟೆಯ ಮೂತ್ರವನ್ನು ಒಂದು ಹನಿಯೂ ಬಿಡದೆ ಅದರಲ್ಲಿ ತುಂಬಿಸಬೇಕಿತ್ತು. ಬೆಳಿಗ್ಗೆ ಆರಕ್ಕೆ ಹೋಗುವ ಮೊದಲನೆಯದನ್ನು ಚೆಲ್ಲಬೇಕು, ಆಮೇಲಿನದ್ದೆಲ್ಲ ಕ್ಯಾನಿಗೆ, ಮರುದಿನ ಆರಕ್ಕೆ ಹೋಗುವುದೂ ಕ್ಯಾನಿಗೇ. ಅಪ್ಪ ಮೊದಲನೆಯದನ್ನೂ ಹಾಕಿಬಿಟ್ಟರು. ಇನ್ನೊಂದು ಕ್ಯಾನ್ ತಂದು ಮಾರನೇ ದಿನ ಮತ್ತೆ ಶುರು ಮಾಡಿದೆವು.

ಅವರಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಕೆಲವು ವಾರಗಳಿಂದ ಮೂತ್ರದಲ್ಲಿ ನೊರೆ ಬರುತ್ತಿತ್ತು, ಸೋಪಿನ ನೊರೆ ಹಾಗೆ, ನೀರು ಹಾಕಿದರೂ ಸುಲಭಕ್ಕೆ ಒಡೆಯದ ನೊರೆ. ಲ್ಯಾಬಿನವರು ಕ್ಯಾನ್ ಅಳೆದು 1,650 ಮಿಲಿಲೀಟರ್ ಅಂತ ಬರೆದುಕೊಂಡರು. ಆ ಅಂಕಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಈ ಒಂದೂವರೆ ಲೀಟರಿಗೆ ಚಿಲ್ಲರೆ ಮೂತ್ರ ಆಗಬೇಕಾದರೆ ಆರೋಗ್ಯವಂತ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿರುತ್ತವೆ. ಮನೆಗೆ ತರಿಸುತ್ತೇವಲ್ಲ 20 ಲೀಟರಿನ ಕುಡಿಯುವ ನೀರಿನ ಕ್ಯಾನು, ಅಂಥವು ಒಂಬತ್ತು!

ಎಲ್ಲಿಂದ ಬಂತು ಅಷ್ಟು ನೀರು? ಮೈಯಲ್ಲಿ ಇರುವ ರಕ್ತವೇ ಸುಮಾರು ಐದು ಲೀಟರ್. ಅದೇ ರಕ್ತ ಸುತ್ತಿ ಸುತ್ತಿ ಬರುತ್ತದೆ. ಎರಡೂ ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ, ಆದರೆ ಹೃದಯ ಒತ್ತುವ ರಕ್ತದಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇವಕ್ಕೇ ಹೋಗುತ್ತದೆ, ನಿಮಿಷಕ್ಕೆ ಒಂದು ಲೀಟರಿನ ಮೇಲೆ. ಒಂದೊಂದು ಕಿಡ್ನಿಯಲ್ಲೂ ಹತ್ತು ಲಕ್ಷದಷ್ಟು ನೆಫ್ರಾನ್‌ಗಳು, ಅಂದರೆ ಮೂತ್ರ ತಯಾರಿಸುವ ಪುಟ್ಟ ಪುಟ್ಟ ನಾಳಗಳು. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ, ಅದಕ್ಕೆ ಗ್ಲೊಮೆರುಲಸ್ ಅಂತ ಹೆಸರು. ಅದನ್ನು ಹಿಡಿದುಕೊಂಡಿರುವ ಬಟ್ಟಲನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಬೌಮನ್ 1842ರಲ್ಲಿ ವಿವರಿಸಿದರು, ಹಾಗಾಗಿ ಅದು ಬೌಮನ್ ಕ್ಯಾಪ್ಸೂಲ್. ರಕ್ತದ ಒತ್ತಡಕ್ಕೆ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲ ಆ ಉಂಡೆಯಿಂದ ಬಟ್ಟಲಿಗೆ ಸೋರುತ್ತವೆ. ರಕ್ತಕಣ, ಪ್ರೋಟೀನ್ ದೊಡ್ಡವು, ಅವು ಒಳಗೇ ಉಳಿಯುತ್ತವೆ.

ಕಿಡ್ನಿ ಅಂದರೆ ಜರಡಿ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಇಷ್ಟಕ್ಕೇ ನಿಲ್ಲುತ್ತದೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ, ಅದೂ ಸಣ್ಣ ಅರ್ಧ. ಸೋಸಿದ್ದನ್ನೆಲ್ಲ ಹೊರಗೆ ಬಿಟ್ಟರೆ ನಾವು ಒಂದು ಗಂಟೆಯೂ ಬದುಕುವುದಿಲ್ಲ. ನಿಜವಾದ ಕೆಲಸ ವಾಪಸ್ ತೆಗೆದುಕೊಳ್ಳುವುದು. ಯುಗಾದಿಗೆ ಅಮ್ಮ ಅಟ್ಟ ಸ್ವಚ್ಛ ಮಾಡುವುದನ್ನು ನೋಡಿದ್ದೀರಲ್ವಾ? ಕಸವನ್ನು ಹುಡುಕಿ ಹುಡುಕಿ ತೆಗೆಯುವುದಿಲ್ಲ. ಇರುವುದನ್ನೆಲ್ಲ ಕೆಳಗಿಳಿಸಿ, ಬೇಕಾದ ಪಾತ್ರೆ, ಡಬ್ಬಿ, ಹಿತ್ತಾಳೆ ಕೊಡ ಒಂದೊಂದೇ ಮೇಲೆ ಇಡುತ್ತಾರೆ. ಉಳಿದದ್ದು ಬೀದಿಗೆ. ನೆಫ್ರಾನ್ ಮಾಡುವುದೂ ಅದನ್ನೇ.

ಇದರಲ್ಲಿ ಎಂಥ ಜಾಣತನ ಇದೆ ನೋಡಿ. ಪ್ರತಿಯೊಂದು ಕಶ್ಮಲವನ್ನೂ ಗುರುತು ಹಿಡಿದು ಎಸೆಯಬೇಕು ಅಂತಿದ್ದರೆ, ಮನುಷ್ಯ ಹಿಂದೆಂದೂ ತಿನ್ನದ ಏನಾದರೂ ಹೊಟ್ಟೆಗೆ ಹೋದ ದಿನ ಕಿಡ್ನಿ ಕೈಚೆಲ್ಲಬೇಕಿತ್ತು. ಬೇಕಾದವುಗಳ ಪಟ್ಟಿ ಮಾತ್ರ ಚಿಕ್ಕದು: ನೀರು, ಸಕ್ಕರೆ, ಸೋಡಿಯಂ, ಅಮೈನೋ ಆಮ್ಲ, ಇಂಥವು. ಅವನ್ನು ಎತ್ತಿಕೊಂಡರೆ ಸಾಕು, ಪಟ್ಟಿಯಲ್ಲಿಲ್ಲದ್ದು ಬಹುಪಾಲು ತಾನಾಗಿಯೇ ಹೋಗುತ್ತದೆ. ಕೆಲವು ಔಷಧಿಗಳನ್ನು, ಆಮ್ಲವನ್ನು, ಪೊಟ್ಯಾಷಿಯಂ ಅನ್ನು ನಾಳ ಬೇರೆಯಾಗಿ ಹೊರಕ್ಕೆ ತಳ್ಳುವುದೂ ಉಂಟು.

ಬಟ್ಟಲಿನ ಪಕ್ಕದ ಸುರುಳಿ ನಾಳದಲ್ಲೇ ಮೂರನೇ ಎರಡು ಭಾಗದಷ್ಟು ನೀರು, ಉಪ್ಪು ರಕ್ತಕ್ಕೆ ಮರಳುತ್ತದೆ. ಸಕ್ಕರೆಯೂ ಇಲ್ಲೇ, ಒಂದು ಚೂರೂ ಬಿಡದ ಹಾಗೆ. ಆದರೆ ಎತ್ತುವ ಕೈಗಳಿಗೂ ಮಿತಿ ಇದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅಪ್ಪ ಮೊದಮೊದಲು ರಾತ್ರಿ ನಾಲ್ಕೈದು ಸಲ ಏಳುತ್ತಿದ್ದುದು ಇದಕ್ಕೇ. ಮಧುಮೇಹ ಅನ್ನುವ ಹೆಸರಿನಲ್ಲೇ ಸಿಹಿಮೂತ್ರ ಇದೆ.

ಅಲ್ಲಿಂದ ನಾಳ ಕಿಡ್ನಿಯ ಆಳಕ್ಕೆ ಇಳಿದು ಮತ್ತೆ ಮೇಲೆ ಬರುತ್ತದೆ. ಈ ಹೆನ್ಲೆಯ ಕುಣಿಕೆ ಸುತ್ತಲಿನ ಜಾಗವನ್ನು ಉಪ್ಪುಪ್ಪಾಗಿ ಇಡುತ್ತದೆ. ಕೊನೆಯ ನಾಳ ಆ ಉಪ್ಪಿನ ನಡುವೆ ಹಾದುಹೋಗುವಾಗ ಮೆದುಳಿನಿಂದ ಎಡಿಎಚ್ ಹಾರ್ಮೋನ್ ಬಂದಿದ್ದರೆ ನಾಳದ ಗೋಡೆಯಲ್ಲಿ ನೀರಿನ ಬಾಗಿಲು ತೆರೆಯುತ್ತದೆ, ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ, ಮೂತ್ರ ಗಟ್ಟಿಯಾಗಿ ಕಡು ಹಳದಿಯಾಗುತ್ತದೆ. ಬೆಳಗಿನ ಮೂತ್ರದ ಬಣ್ಣ ಅದು. ಎರಡು ಲೋಟ ನೀರು ಜಾಸ್ತಿ ಕುಡಿದರೆ ಹಾರ್ಮೋನ್ ಇಳಿಯುತ್ತದೆ, ಬಾಗಿಲು ಮುಚ್ಚುತ್ತದೆ, ತೆಳು ಬಣ್ಣ. ಆಮೇಲಿನದ್ದು ಸುಮ್ನೆ ಸಾಗಣೆ, ಮೂತ್ರನಾಳ, ಮೂತ್ರಕೋಶ, ಅಷ್ಟೇ.

ಈಗ ಆ ನೊರೆಗೆ ಬರುತ್ತೇನೆ. ಜರಡಿ ಪ್ರೋಟೀನನ್ನು ಬಿಡಬಾರದು. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದು ಜರಡಿ ಕೆಟ್ಟರೆ ಅದು ಸೋರುತ್ತದೆ, ಮೊಟ್ಟೆಯ ಬಿಳಿ ಕಡೆದ ಹಾಗೆ ನೊರೆ ಬರುತ್ತದೆ. ದಿನಕ್ಕೆ 150 ಮಿಲಿಗ್ರಾಂ ಒಳಗಿರಬೇಕಾದ ಪ್ರೋಟೀನ್ ಅಪ್ಪನಿಗೆ 900 ಇತ್ತು. ಮಂಡಿನೋವಿಗೆ ಅವರು ಮೆಡಿಕಲ್ ಸ್ಟೋರಿನಿಂದ ತಂದು ತಿಂಗಳುಗಟ್ಟಲೆ ನುಂಗಿದ ಮಾತ್ರೆಗಳನ್ನು ಡಾಕ್ಟರು ಅಂದೇ ನಿಲ್ಲಿಸಿದರು. ಆ ಜಾತಿಯ ನೋವಿನ ಮಾತ್ರೆ ಗ್ಲೊಮೆರುಲಸ್‌ಗೆ ರಕ್ತ ತರುವ ನಾಳವನ್ನೇ ಬಿಗಿ ಮಾಡುತ್ತದಂತೆ. ನನಗೆ ಇದು ಮೊದಲೇ ಗೊತ್ತಿದ್ದಿದ್ದರೆ ಅಂತ ಹೊಟ್ಟೆ ಉರಿಯಿತು.

ಕಿಡ್ನಿ ಕೈಕೊಟ್ಟರೆ ಯಂತ್ರದಲ್ಲಿ ರಕ್ತ ಸೋಸುವ ಡಯಾಲಿಸಿಸ್ ಅಂದರೆ ಅಪ್ಪನಿಗೆ ಭಯ. ಆ ಯಂತ್ರವನ್ನು 1943ರಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ನೆದರ್ಲೆಂಡ್ಸಿನಲ್ಲಿ ವಿಲೆಮ್ ಕೋಲ್ಫ್ ಎಂಬ ಡಾಕ್ಟರು ಕಟ್ಟಿದ್ದು, ಮರದ ಪಟ್ಟಿಗಳ ಡ್ರಮ್ಮಿಗೆ ಸಾಸೇಜ್ ಸುತ್ತುವ ಸೆಲೊಫೇನ್ ಕೊಳವೆ ಸುತ್ತಿ. ಎಷ್ಟೋ ಜೀವ ಉಳಿಸಿದೆ, ಕೈಮುಗಿಯಬೇಕು. ಆದರೂ ಅದು ಸೋಸುತ್ತದೆಯೇ ಹೊರತು ಗಳಿಗೆಗಳಿಗೆಗೂ ಎಷ್ಟು ಉಳಿಸಿಕೊಳ್ಳಬೇಕು ಅಂತ ಲೆಕ್ಕ ಹಾಕುವುದಿಲ್ಲ. ಆ ಲೆಕ್ಕವನ್ನು ರೋಗಿಯೇ ಇಡಬೇಕು, ಲೋಟ ಲೋಟ ನೀರನ್ನೂ ಅಳೆದು.

ನಾಳೆ ಬೆಳಿಗ್ಗೆ ಮತ್ತೆ ಪರೀಕ್ಷೆ. ಕ್ಯಾನ್ ಆಗಲೇ ಬಚ್ಚಲಲ್ಲಿದೆ. ಅದರ ಮುಚ್ಚಳದ ಮೇಲೆ ಅಪ್ಪ ತಮ್ಮ ಕೈಯಾರೆ ಒಂದು ಚೀಟಿ ಅಂಟಿಸಿದ್ದಾರೆ: "ಆರು ಗಂಟೆಯದು ಚೆಲ್ಲು."