ಬರ್ಲಿನ್ನಿಗೆ ಕಲ್ಲಿದ್ದಲು ಹಾರಿ ಬಂದದ್ದು ಹೇಗೆ?

ಶೀತಲ ಸಮರದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. 1948ರಲ್ಲಿ ಸೋವಿಯತ್ ಒಕ್ಕೂಟ ಪಶ್ಚಿಮ ಬರ್ಲಿನ್ನಿನ ದಾರಿಗಳನ್ನು ಮುಚ್ಚಿದಾಗ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಬರೀ ವಿಮಾನದಲ್ಲಿ ಊಟ, ಉರುವಲು ಒದಗಿಸಿದ್ದು ನಿಜವೇ? ನಿಜವಾದರೆ ರಷ್ಯನ್ನರು ಆ ವಿಮಾನಗಳನ್ನು ಯಾಕೆ ಹೊಡೆದುರುಳಿಸಲಿಲ್ಲ?

ನಿಜ. ಪೈಲಟ್‌ಗಳ ಧೈರ್ಯಕ್ಕಿಂತ ಹೆಚ್ಚಾಗಿ ತೂಕದ ಲೆಕ್ಕ ಮತ್ತು ಗಡಿಯಾರದ ಶಿಸ್ತು ಅದನ್ನು ಸಾಧ್ಯ ಮಾಡಿದವು.

ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನೂ ಅದರೊಳಗಿನ ಬರ್ಲಿನ್ ನಗರವನ್ನೂ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ನಾಲ್ಕು ಪಾಲು ಮಾಡಿ ಹಂಚಿಕೊಂಡಿದ್ದವು. ಬರ್ಲಿನ್ ಇದ್ದದ್ದು ಸೋವಿಯತ್ ವಲಯದ ಒಳಗೆ, ಪಶ್ಚಿಮದ ಗಡಿಯಿಂದ ಸುಮಾರು 160 ಕಿ.ಮೀ. ದೂರದಲ್ಲಿ. ಜೂನ್ 20ರಂದು ಪಶ್ಚಿಮದ ಮೂರು ವಲಯಗಳಲ್ಲಿ ಹೊಸ ನಾಣ್ಯ ಡಾಯ್ಚ್ ಮಾರ್ಕ್ ಚಲಾವಣೆಗೆ ಬಂತು. ಅದು ಪಶ್ಚಿಮ ಬರ್ಲಿನ್ನಿಗೂ ಕಾಲಿಟ್ಟ ಕೂಡಲೇ, ಜೂನ್ 24ರಂದು, ರೈಲು, ರಸ್ತೆ, ಕಾಲುವೆ ಮೂರೂ ಬಂದ್ ಆದವು. ಪೂರ್ವದಿಂದ ಬರುತ್ತಿದ್ದ ವಿದ್ಯುತ್ತೂ ನಿಂತಿತು. ಆಗ ನಗರದಲ್ಲಿ ಉಳಿದಿದ್ದದ್ದು 36 ದಿನದ ಆಹಾರ, 45 ದಿನದ ಕಲ್ಲಿದ್ದಲು.

ಮೊದಲು ಲೆಕ್ಕ ನೋಡೋಣ. ಇಲ್ಲಿ ಟನ್ ಎಂದರೆ ಅಮೆರಿಕದ ಟನ್, 907 ಕಿಲೋ. ದಿನಕ್ಕೆ 1,534 ಟನ್ ಆಹಾರ ಬೇಕು ಎಂದು ಪಟ್ಟಿಯಾಯಿತು. ಗೋಧಿ ಮತ್ತು ಹಿಟ್ಟು 646, ಒಣಗಿಸಿದ ಆಲೂಗಡ್ಡೆ 180, ಸಕ್ಕರೆ 180, ಒಣ ತರಕಾರಿ 144, ಮಾಂಸ ಮತ್ತು ಮೀನು 109, ಉಪ್ಪು 38, ಯೀಸ್ಟ್ ಕೂಡ 3 ಟನ್. ಇದರ ಮೇಲೆ ಸುಮಾರು ಮೂರೂವರೆ ಸಾವಿರ ಟನ್ ಕಲ್ಲಿದ್ದಲು, ಪೆಟ್ರೋಲ್. ಆರಂಭದಲ್ಲಿ ಅಮೆರಿಕನ್ನರ ಕೈಯಲ್ಲಿದ್ದ ಸಿ-47 ವಿಮಾನ ಹೊರುತ್ತಿದ್ದದ್ದು ಮೂರು, ಮೂರೂವರೆ ಟನ್. ಹಾಗಾಗಿ ಹತ್ತು ಟನ್ ಹೊರುವ ಸಿ-54ಗಳನ್ನು ಜಗತ್ತಿನ ಮೂಲೆಮೂಲೆಯಿಂದ ಕರೆಸಬೇಕಾಯಿತು.

ವಿಮಾನದಲ್ಲಿ ನೀರನ್ನು ಹೊರಬಾರದು ಎನ್ನುವುದು ಇಡೀ ಯೋಜನೆಯ ಒಳಗುಟ್ಟು. ತಯಾರಾದ ಬ್ರೆಡ್ಡಿನ ಸುಮಾರು ಮೂರನೇ ಒಂದು ಪಾಲು ನೀರೇ. ಹಿಟ್ಟು ತಂದು, ಅದನ್ನು ಸುಡಲು ಬೇಕಾದ ಕಲ್ಲಿದ್ದಲನ್ನೂ ಜೊತೆಗೆ ತಂದರೂ ಹೊರೆ ಕಡಿಮೆಯಾಗುತ್ತಿತ್ತು. ಆಲೂಗಡ್ಡೆ ಒಣಗಿಸಿದರೆ ತೂಕ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಾಂಸ ಮೂಳೆ ಬಿಡಿಸಿಕೊಂಡೇ ಹತ್ತುತ್ತಿತ್ತು.

ಕಲ್ಲಿದ್ದಲಿಗೆ ಇಂಥ ಉಪಾಯವಿರಲಿಲ್ಲ. ಅದನ್ನು ಸೇನೆಯ ಹಳೆಯ ಕ್ಯಾನ್ವಾಸ್ ಚೀಲಗಳಲ್ಲಿ ತುಂಬಿದರು. ಎಷ್ಟು ಬಿಗಿಯಾಗಿ ಕಟ್ಟಿದರೂ ಪುಡಿ ಹೊರಬಂದು ಕಂಟ್ರೋಲ್ ಕೇಬಲ್‌ಗಳನ್ನು ಸವೆಸಿತು, ವಿದ್ಯುತ್ ಸಂಪರ್ಕಗಳನ್ನು ಕೆಡಿಸಿತು. ಉಪ್ಪು ಇನ್ನೂ ಕೆಟ್ಟದ್ದು. ಸಾಮಾನ್ಯ ವಿಮಾನಗಳ ಕೇಬಲ್‌ಗಳು ನೆಲಹಾಸಿನ ಕೆಳಗೇ ಹಾದುಹೋಗುವುದರಿಂದ ಸೋರಿದ ಉಪ್ಪು ನೇರ ಅಲ್ಲಿಗೇ ಇಳಿದು ತುಕ್ಕು ಹಿಡಿಸುತ್ತದೆ. ಬ್ರಿಟಿಷರ ಸಂಡರ್‌ಲ್ಯಾಂಡ್ ಸಮುದ್ರ ವಿಮಾನಗಳ ಮೈಗೆ ಮಾತ್ರ ಉಪ್ಪುನೀರು ತಡೆಯುವ ಲೇಪವಿತ್ತು, ಕೇಬಲ್‌ಗಳು ಮೇಲೆ ಛಾವಣಿಯ ಬಳಿ ಇದ್ದವು. ಅವು ಹಾಫೆಲ್ ಸರೋವರದ ಮೇಲೆ ಇಳಿದು ಉಪ್ಪು ತಂದವು. ಚಳಿಗೆ ಆ ದಾರಿ ಮುಚ್ಚಿದ ಮೇಲೆ ಹೊಟ್ಟೆಯ ಕೆಳಗೆ ಬುಟ್ಟಿ ಕಟ್ಟಿದ ಹ್ಯಾಲಿಫ್ಯಾಕ್ಸ್ ವಿಮಾನಗಳು ಆ ಕೆಲಸ ಹೊತ್ತವು.

ಸಾಮಾನು, ವಿಮಾನ ಎರಡೂ ಸಿಕ್ಕಿದರೂ ಮೊದಲ ಏಳು ವಾರ ವ್ಯವಸ್ಥೆ ಹಳಿಗೆ ಬರಲಿಲ್ಲ. ಆಗಸ್ಟ್ 13, ಶುಕ್ರವಾರ, ಟೆಂಪೆಲ್‌ಹೋಫ್ ನಿಲ್ದಾಣದ ಮೇಲೆ ಮೋಡ ಕವಿದು ಮಳೆ ಸುರಿಯುತ್ತಿತ್ತು. ಒಂದು ಸಿ-54 ರನ್‌ವೇ ದಾಟಿ ಬಿದ್ದು ಉರಿಯಿತು. ಅದರ ಹಿಂದಿನದು ಬ್ರೇಕ್ ಒತ್ತಿ ಟೈರ್ ಸಿಡಿಸಿಕೊಂಡಿತು. ಮೂರನೆಯದು ಇನ್ನೂ ಪೂರ್ತಿಯಾಗದ ಪಕ್ಕದ ರನ್‌ವೇ ಮೇಲೆ ಇಳಿದು ಅಡ್ಡ ತಿರುಗಿತು. ಮೇಲೆ ಮೋಡದೊಳಗೆ ಉಳಿದ ವಿಮಾನಗಳು ಒಂದರ ಮೇಲೊಂದು ಸುತ್ತು ಹಾಕುತ್ತಿದ್ದವು. ಆ ಸಾಲಿನಲ್ಲಿ ಅಮೆರಿಕನ್ನರ ಕಾರ್ಯಾಚರಣೆಯ ಮುಖ್ಯಸ್ಥ ಜನರಲ್ ವಿಲಿಯಂ ಟನ್ನರ್ ಸ್ವತಃ ಸಿಕ್ಕಿಕೊಂಡಿದ್ದರು. ಎರಡನೇ ಮಹಾಯುದ್ಧದ ಕೊನೆಯಲ್ಲಿ ನಮ್ಮ ಅಸ್ಸಾಮಿನಿಂದ ಹಿಮಾಲಯ ದಾಟಿಸಿ ಚೀನಾಕ್ಕೆ ಸರಕು ಹಾರಿಸಿದ ಕಾರ್ಯಾಚರಣೆಯನ್ನು ನಡೆಸಿದ್ದವರೂ ಇವರೇ. ಟನ್ನರ್ ಅಲ್ಲಿಂದಲೇ ರೇಡಿಯೋದಲ್ಲಿ ಎಲ್ಲರನ್ನೂ ವಾಪಸ್ ಕಳಿಸಿದರು.

ಅಂದಿನಿಂದ ನಿಯಮ ಬದಲಾಯಿತು. ಇಳಿಯಲು ಒಂದೇ ಅವಕಾಶ. ತಪ್ಪಿದರೆ ಸುತ್ತು ಹಾಕುವಂತಿಲ್ಲ, ಹೊರೆ ಸಮೇತ, ಬರ್ಲಿನ್ನಿಗಿದ್ದ ಮೂರು ವಾಯುಮಾರ್ಗಗಳಲ್ಲಿ ಮಧ್ಯದ್ದನ್ನು ಹಿಡಿದು ಮೂಲ ನಿಲ್ದಾಣಕ್ಕೆ ಮರಳಬೇಕು. ಆಕಾಶ ತಿಳಿಯಾಗಿದ್ದರೂ ಉಪಕರಣ ನೋಡಿಕೊಂಡೇ ಹಾರಬೇಕು. ಹತ್ತು ಟನ್ ಸರಕನ್ನು ಹಿಂದಕ್ಕೆ ಒಯ್ಯುವುದು ದಂಡ ಎನ್ನಿಸಬಹುದು. ಆದರೆ ತಪ್ಪಿದ ಒಂದು ವಿಮಾನ ಸುತ್ತು ಹಾಕಲು ನಿಂತರೆ ಹಿಂದಿನ ಸಾಲೆಲ್ಲ ಕೆಡುತ್ತದೆ. ದಿನಕ್ಕೆ 1,440 ನಿಮಿಷ, ಮೂರು ನಿಮಿಷಕ್ಕೊಂದರಂತೆ 480 ವಿಮಾನ: ಈ ಭಾಗಾಕಾರವೇ ಟನ್ನರ್‌ಗೆ ಮಂತ್ರವಾಗಿತ್ತು. ಉತ್ತರ, ದಕ್ಷಿಣದ ಮಾರ್ಗಗಳು ಬರುವವರಿಗೆ, ಮಧ್ಯದ್ದು ಹೋಗುವವರಿಗೆ. ಬರ್ಲಿನ್ನಿನಲ್ಲಿ ಇಳಿದ ಸಿಬ್ಬಂದಿ ವಿಮಾನದ ಪಕ್ಕ ಬಿಟ್ಟು ಕದಲುವಂತಿರಲಿಲ್ಲ. ಹವಾಮಾನದ ವರದಿಯೂ ತಿಂಡಿಯ ಗಾಡಿಯೂ ಅವರಿದ್ದಲ್ಲಿಗೇ ಬರುತ್ತಿದ್ದವು. ಕೆಲವೇ ವರ್ಷಗಳ ಹಿಂದೆ ಇದೇ ಅಮೆರಿಕನ್ನರ ವಿರುದ್ಧ ದುಡಿದಿದ್ದ ಜರ್ಮನ್ ಮೆಕ್ಯಾನಿಕ್‌ಗಳನ್ನೂ ರಿಪೇರಿಗೆ ನೇಮಿಸಿಕೊಂಡರು.

ಮಕ್ಕಳಿಗೆ ಚಾಕೊಲೇಟ್ ಎಸೆದ ಪೈಲಟ್‌ನ ಕಥೆ ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ಟೆಗೆಲ್ ನಿಲ್ದಾಣ ಅದಕ್ಕಿಂತ ದೊಡ್ಡ ಕಥೆ. ಸಾವಿರಾರು ಬರ್ಲಿನ್ನಿಗರು, ಬಹುಪಾಲು ಹೆಂಗಸರು, ಬಾಂಬಿಗೆ ಉರುಳಿದ ಮನೆಗಳ ಕಲ್ಲು ಹಾಸಿ ಅದರ ರನ್‌ವೇಯನ್ನು ಕೆಲವೇ ತಿಂಗಳಲ್ಲಿ ಕಟ್ಟಿದರು. ರೋಡ್ ರೋಲರ್‌ನಂಥ ಯಂತ್ರಗಳು ವಿಮಾನದೊಳಗೆ ಹಿಡಿಯದಾದಾಗ ಅವನ್ನು ಗ್ಯಾಸಿನಿಂದ ಕತ್ತರಿಸಿ ತುಂಡುತುಂಡಾಗಿ ತಂದು ಬರ್ಲಿನ್ನಿನಲ್ಲಿ ಬೆಸುಗೆ ಹಾಕಲಾಯಿತು.

ಹಾಗಂತ ಕಷ್ಟವೇನೂ ಇರಲಿಲ್ಲ ಎಂದಲ್ಲ. ಮನೆಗಳಿಗೆ ದಿನಕ್ಕೆ ನಾಲ್ಕೇ ಗಂಟೆ ವಿದ್ಯುತ್. ನವೆಂಬರಿನ ದಟ್ಟ ಮಂಜಿನಲ್ಲಿ ಹಾರಾಟ ಕುಸಿದು ಕಲ್ಲಿದ್ದಲಿನ ದಾಸ್ತಾನು ಅಪಾಯದ ಮಟ್ಟಕ್ಕೆ ಇಳಿಯಿತು. ಇನ್ನೊಂದು ಮಾತನ್ನೂ ಹೇಳಲೇಬೇಕು: ನಗರದೊಳಗಿನ ಪೂರ್ವ, ಪಶ್ಚಿಮ ಭಾಗಗಳ ನಡುವೆ ಆಗ ಗೋಡೆ ಇರಲಿಲ್ಲ. ಜನ ಪೂರ್ವಕ್ಕೆ ಹೋಗಿ, ಸುತ್ತಲಿನ ಹಳ್ಳಿಗಳಿಗೆ ಹೋಗಿ ತರಕಾರಿ, ಸೌದೆ ತರುತ್ತಿದ್ದರು. ಬರೀ ವಿಮಾನವೇ ಎಲ್ಲರ ಹೊಟ್ಟೆ ತುಂಬಿಸಿತು ಎನ್ನುವುದು ಅರ್ಧ ಸತ್ಯ. ಆದರೆ ವಿದ್ಯುತ್ ಸ್ಥಾವರಕ್ಕೆ ಬೇಕಾದ ಕಲ್ಲಿದ್ದಲನ್ನು ಕೈಚೀಲದಲ್ಲಿ ತರಲಾಗದು. ಒಟ್ಟು ಸಾಗಿಸಿದ 23 ಲಕ್ಷ ಟನ್ನಿನಲ್ಲಿ ಮೂರನೇ ಎರಡು ಪಾಲು ಕಲ್ಲಿದ್ದಲೇ ಇದ್ದದ್ದು ಅದಕ್ಕೇ.

ಇನ್ನು ರಷ್ಯನ್ನರು ಯಾಕೆ ಹೊಡೆಯಲಿಲ್ಲ ಎಂಬ ಪ್ರಶ್ನೆ. ರಸ್ತೆ, ರೈಲಿನ ಹಕ್ಕು ಬರವಣಿಗೆಯಲ್ಲಿ ಇರಲಿಲ್ಲ. ಆಕಾಶದ್ದು ಇತ್ತು. 1945ರ ನವೆಂಬರ್ 30ರಂದು ನಾಲ್ಕೂ ದೇಶಗಳು 32 ಕಿ.ಮೀ. ಅಗಲದ ಮೂರು ವಾಯುಮಾರ್ಗಗಳಿಗೆ ಒಪ್ಪಿದ್ದವು. ರೈಲನ್ನು ತಡೆಯಲು ಹಳಿ ರಿಪೇರಿಯ ನೆಪ ಸಾಕು. ವಿಮಾನವನ್ನು ತಡೆಯಲು ಗುಂಡು ಹಾರಿಸಬೇಕು, ಅಂದರೆ ಯುದ್ಧವನ್ನು ತಾನೇ ಆರಂಭಿಸಬೇಕು. ಸೋವಿಯತ್ ಫೈಟರ್‌ಗಳು ಪಕ್ಕದಲ್ಲೇ ಹಾರಿ ಹೆದರಿಸಿದವು, ಸರ್ಚ್‌ಲೈಟ್ ಕಣ್ಣಿಗೆ ಬಿಟ್ಟವು. ಆದರೂ ನಾಲ್ಕು ದೇಶಗಳ ವಾಯು ಸುರಕ್ಷತಾ ಕೇಂದ್ರದಲ್ಲಿ ಸೋವಿಯತ್ ಅಧಿಕಾರಿಗಳು ಕೊನೆಯವರೆಗೂ ಕೆಲಸಕ್ಕೆ ಬರುತ್ತಿದ್ದರು. ಚಳಿಗಾಲ ಬಂದರೆ ಈ ಹಾರಾಟ ತಾನಾಗಿ ಸೋಲುತ್ತದೆ ಎಂಬ ನಂಬಿಕೆಯೂ ಅವರಿಗಿತ್ತು.

ಆದರೆ ಚಳಿಗಾಲ ಕಳೆಯಿತು. 1949ರ ಏಪ್ರಿಲ್ 15-16ರ 24 ಗಂಟೆಗಳಲ್ಲಿ, ಹೆಚ್ಚುಕಡಿಮೆ ನಿಮಿಷಕ್ಕೊಂದು ವಿಮಾನದಂತೆ, 12,941 ಟನ್ ಕಲ್ಲಿದ್ದಲು ಬಂದಿಳಿಯಿತು. ಅತ್ತ ಪಶ್ಚಿಮದವರು ತಮ್ಮ ವಲಯದಲ್ಲಿದ್ದ ರೂರ್ ಪ್ರದೇಶದ ಕಲ್ಲಿದ್ದಲು, ಉಕ್ಕನ್ನು ಪೂರ್ವಕ್ಕೆ ಬಿಡದೆ ತಿರುಗುಬಂದ್ ಮಾಡಿದ್ದರಿಂದ ಅಲ್ಲಿನ ಕಾರ್ಖಾನೆಗಳು ಏದುಸಿರು ಬಿಡುತ್ತಿದ್ದವು. ಜನವರಿಯಲ್ಲಿ ಪತ್ರಕರ್ತನೊಬ್ಬನಿಗೆ ಸ್ಟಾಲಿನ್ ಕೊಟ್ಟ ಉತ್ತರಗಳಲ್ಲಿ, ದಾರಿ ಮುಚ್ಚಲು ನೆಪವಾಗಿದ್ದ ಹೊಸ ನಾಣ್ಯದ ಪ್ರಸ್ತಾಪವೇ ಇರಲಿಲ್ಲ. ಅದನ್ನು ಗಮನಿಸಿದ ಅಮೆರಿಕ, ತನ್ನ ರಾಜತಾಂತ್ರಿಕ ಫಿಲಿಪ್ ಜೆಸಪ್ ಮೂಲಕ ಸೋವಿಯತ್ ಪ್ರತಿನಿಧಿ ಯಾಕೊವ್ ಮಾಲಿಕ್‌ರನ್ನು ವಿಶ್ವಸಂಸ್ಥೆಯಲ್ಲಿ ಮೆಲ್ಲಗೆ ವಿಚಾರಿಸಿತು. ಮೇ 12ರಂದು ದಾರಿಗಳು ತೆರೆದವು.

ಅಣುಬಾಂಬಿನ ಭಯವೂ ಕೆಲಸ ಮಾಡಿತೇ? ಸ್ವಲ್ಪ ಮಾಡಿರಲೇಬೇಕು. 1948ರ ಜುಲೈನಲ್ಲಿ ಅಮೆರಿಕ ಬಿ-29 ಬಾಂಬರ್‌ಗಳನ್ನು ಎಲ್ಲರಿಗೂ ಕಾಣುವಂತೆ ಬ್ರಿಟನ್ನಿಗೆ ಕಳಿಸಿತ್ತು. ಅವು ಅಣುಬಾಂಬ್ ಹೊರಲು ಸಜ್ಜಾದ ಮಾದರಿಗಳಾಗಿರಲಿಲ್ಲ, ಆದರೆ ಅಂಥ ಬಾಂಬ್ ಆಗ ಇದ್ದದ್ದು ಅಮೆರಿಕದ ಬಳಿ ಮಾತ್ರ. ದಾರಿ ತೆರೆದ ಮೇಲೂ ಮುಂಜಾಗ್ರತೆಯ ದಾಸ್ತಾನಿಗಾಗಿ ಸೆಪ್ಟೆಂಬರ್ 30ರವರೆಗೆ ಹಾರಾಟ ನಡೆಯಿತು. ಅದು ಮುಗಿಯಲು ಒಂದು ತಿಂಗಳಿರುವಾಗ, ಆಗಸ್ಟ್ 29ರಂದು, ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಸಿಡಿಸಿತು.